ಲೋಕಸಭೆಯಿಂದ ಗ್ರಾಮಸಭೆಯವರೆಗೆ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)

 

ರಾಜ್ಯಾಡಳಿತವನ್ನೂ ಗ್ರಾಮಜೀವನವನ್ನೂ ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ನನಗೆ ಅಪ್ಪಣೆಯಾಗಿದೆ. ತರ್ಕವ್ಯಾಕರಣಗಳ ಪಾಠ ಹೇಳಿಕೊಂಡು ಮಠದ ನೆರಳಿನಲ್ಲಿ ಕಾಲ ಕಳೆಯುವವನಿಗೆ ಪಾರ್ಲಿಮೆಂಟು, ಪಂಚಾಯತಿ, ಚುನಾವಣೆ, ಮನೆಗಳ ಹಂಚಿಕೆ ಇವುಗಳ ಗೊಡವೆ ಏತಕ್ಕೆಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಅದಕ್ಕೆ ನನ್ನ ಸಮಾಧಾನವಿಷ್ಟೆ: ಮಠಕ್ಕೆ ಬರುವ ಭಕ್ತರ ಕಾಗದಪತ್ರಗಳನ್ನು ಓದಿ ಅರ್ಥ ಹೇಳುವ ಕೆಲಸವು ಬಹುವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬರುವವರು ಶಾಸ್ತ್ರದ ಸಂದೇಹವನ್ನು ಕೇಳುವುದು ಅಪೂರ್ವ. ಕಚೇರಿಯ ಕಾಗದವನ್ನು ಸೆರಗಿನಿಂದ ಬಿಚ್ಚಿ ಮುಂದಿಡುವುದೇ ಹೆಚ್ಚು. ಆ ಕಾಗದಗಳಲ್ಲಿ ಅರ್ಧಕ್ಕೆ ಅರ್ಧ ಮನೆಯ ಕಾಗದಗಳು. ಹೆಸರು ಪಟ್ಟಿಯಲ್ಲಿ ಬಂದಿದೆಯೇ, ಬಂದದ್ದು ಏಕೆ ಹೋಯಿತು, ಮೊದಲನೆಯ ಕಂತು ಬಂದು ಎರಡನೆಯದು ಏಕೆ ಬರಲಿಲ್ಲ, ಇದನ್ನು ಯಾರನ್ನು ಕೇಳಬೇಕು? ಈ ಕಡೆಯ ಪ್ರಶ್ನೆಯೇ ಇಂದಿನ ಉಪನ್ಯಾಸಕ್ಕೆ ವಿಷಯ.

ಕೇಳುವುದು, ಉತ್ತರ ಪಡೆಯುವುದು, ಉತ್ತರವು ಸರಿಯೋ ಎಂದು ಒರೆಗೆ ಹಚ್ಚುವುದು, ಇದಕ್ಕೆ ಪರಾಮರ್ಶೆಯೆಂದು ಹೆಸರು. ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಮಾತು ಹೊಸದಲ್ಲ. ಗುಡ್ಡದ ಮೇಲೆ ಹೊಗೆ ಕಂಡಿತು. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ನೆನಪಿಗೆ ಬಂದಿತು. ಅಂತಹ ಹೊಗೆಯೇ ಈ ಗುಡ್ಡದ ಮೇಲಿರುವುದೆಂದು ಮನಸ್ಸು ಕೂಡಿಸಿ ನೋಡಿತು. ಈ ಕೂಡಿಸಿ ನೋಡುವುದೇ ಪರಾಮರ್ಶ. ಅದಾದ ಮೇಲೆಯೇ 'ಗುಡ್ಡಕ್ಕೆ ಬೆಂಕಿ ಬಿದ್ದಿದೆ' ಎಂಬ ನಿರ್ಣಯ. ನಿರ್ಣಯಕ್ಕೆ ಮುಂಚೆ ಬರತಕ್ಕದ್ದು ಪರಾಮರ್ಶವೇ ಹೊರತು ಹಿಂದಿನಿಂದ ಬರತಕ್ಕದ್ದಲ್ಲ. ಈ ಕ್ರಮವನ್ನು ನೆನಪಿನಲ್ಲಿಡಿರಿ. ಮನೆಗಳ ವಿಷಯಕ್ಕೆ ಬಂದಾಗ ಇದರ ಬೆಲೆ ತಿಳಿಯುವುದು.

ಇನ್ನೊಂದು ನ್ಯಾಯವುಂಟು, ಸ್ಥೂಣಾನಿಖನನ ನ್ಯಾಯವೆಂದು. ಕಂಬವನ್ನು ನೆಡುವವನು ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡುತ್ತಾನೆ. ಕೀಳುವುದಕ್ಕಲ್ಲ, ಭದ್ರವಾಗಲೆಂದು. ಅಧಿಕಾರದಲ್ಲಿರುವವರನ್ನು ಪ್ರಶ್ನೆ ಮಾಡಿದರೆ ಅವರಿಗೆ ಅವಮಾನವಾಯಿತೆಂದೂ, ಪ್ರಶ್ನೆ ಮಾಡಿದವನು ವೈರಿಯೆಂದೂ ತಿಳಿಯುವ ಅಭ್ಯಾಸವು ನಮ್ಮ ಊರುಗಳಲ್ಲಿ ಬೇರೂರಿದೆ. ಕಂಬವನ್ನು ಅಲ್ಲಾಡಿಸುವವರೆಲ್ಲ ಮನೆ ಕೆಡಹುವವರಲ್ಲ.

ಇದು ಪರದೇಶದಿಂದ ಬಂದ ವಿದ್ಯೆಯೂ ಅಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಬೊಕ್ಕಸದ ಹಣವನ್ನು ಅಪಹರಿಸುವ 40 ಬಗೆಗಳನ್ನು ಎಣಿಸಿ ಹೇಳಿದ್ದಾನೆ. ತಮಿಳು ನಾಡಿನ ಉತ್ತರಮೇರೂರಿನ ಶಾಸನಗಳು ಕ್ರಿ. ಶ. 919 ಮತ್ತು 921ನೆಯ ಇಸವಿಗಳವು, ಮೊದಲನೆಯ ಪರಾಂತಕ ಚೋಳನ ಕಾಲದವು. ಊರಸಭೆಯ ಸಮಿತಿಗಳಿಗೆ ಜನರನ್ನು ಆರಿಸುವ ಕ್ರಮವನ್ನು ಅವು ವಿವರವಾಗಿ ತಿಳಿಸುತ್ತವೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ ಸಭೆಯ ಎದುರಿನಲ್ಲಿ ಎತ್ತಿಸುತ್ತಿದ್ದರು. ಎರಡನೆಯ ಶಾಸನದಂತೆ 35ಕ್ಕೆ ಮೀರಿದ, 70ಕ್ಕೆ ಒಳಗಿನ ವಯಸ್ಸಿನವನಾಗಿರಬೇಕು. ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ವಾಸವಾಗಿರಬೇಕು. ತೆರಿಗೆ ಕೊಡುವ ಭೂಮಿಯಿರಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವನಿಗೂ ಅವನ ಹತ್ತಿರದ ಬಂಧುಗಳಿಗೂ ಮತ್ತೆ ಅವಕಾಶವಿಲ್ಲ. ಬಡವನನ್ನೂ ಹೆಂಗಸರನ್ನೂ ಹೊರಗಿಟ್ಟ ಸಭೆಯದು. ಅದನ್ನು ಇಂದು ಹೊಗಳಿ ಹಾಡಬೇಕಾಗಿಲ್ಲ. ಆದರೆ ಲೆಕ್ಕ ಒಪ್ಪಿಸದವನು ಮತ್ತೆ ಗದ್ದಿಗೆ ಏರಕೂಡದೆಂಬ ಮಾತನ್ನು ಕಲ್ಲಿನಲ್ಲಿ ಕೊರೆಯಿಸಿದರಲ್ಲ, ಆ ಧೈರ್ಯವನ್ನು ನೋಡಿರಿ.

ನಮ್ಮ ಸೀಮೆಗೆ ಬರೋಣ. 1948ನೆಯ ಇಸವಿಯ ಸೆಪ್ಟೆಂಬರ್ ತಿಂಗಳವರೆಗೆ ಬೀದರ ಜಿಲ್ಲೆಯು ನಿಜಾಮರ ಸಂಸ್ಥಾನದಲ್ಲಿದ್ದಿತು. ಜಾಗೀರುಗಳೂ ಪಾಯಗಾಗಳೂ ಹೆಣೆದುಕೊಂಡಿದ್ದ ಆ ವ್ಯವಸ್ಥೆಯಲ್ಲಿ ಪ್ರಜೆಯು ಅರ್ಜಿ ಕೊಡಬಹುದಾಗಿತ್ತು, ಪ್ರಶ್ನೆ ಕೇಳುವಂತಿರಲಿಲ್ಲ. ಅರ್ಜಿಗೂ ಪ್ರಶ್ನೆಗೂ ಇರುವ ಅಂತರವು ಭಿಕ್ಷೆಗೂ ಹಕ್ಕಿಗೂ ಇರುವಷ್ಟು. ಜನರ ವಸತಿಗೆಂದು ಆ ಸರಕಾರವು ಏನನ್ನೂ ಮಾಡಲಿಲ್ಲವೆನ್ನಲಾಗದು. 1908ರಲ್ಲಿ ಮೂಸಿ ನದಿಯ ಮಹಾಪೂರವು ಹೈದರಾಬಾದು ನಗರವನ್ನು ಕೊಚ್ಚಿದ ಮೇಲೆ 1912ರಲ್ಲಿ ನಗರಾಭಿವೃದ್ಧಿಯ ಮಂಡಲಿಯೊಂದು ಹುಟ್ಟಿ ಕೊಳೆಗೇರಿಗಳನ್ನು ತೆಗೆದು ಮನೆಗಳನ್ನು ಕಟ್ಟಿಸಿತು. ಆದರೆ ಅದು ರಾಜಧಾನಿಗೆ. ಮಾಂಜರಾ ದಂಡೆಯ ಊರುಗಳ ಮಣ್ಣಿನ ಮಾಳಿಗೆಗಳು ಮಳೆಗೆ ಕುಸಿದರೆ ಕೇಳುವವರಿರಲಿಲ್ಲ.

1949ರಲ್ಲಿ ಜಾಗೀರುಗಳು ರದ್ದಾದವು. 1952ರಲ್ಲಿ ವಯಸ್ಕ ಮತದಾನದಿಂದ ಮೊದಲ ಮಹಾಚುನಾವಣೆಯಾಯಿತು. ಬೀದರಿನಿಂದ ಲೋಕಸಭೆಗೆ ಒಬ್ಬ ಪ್ರತಿನಿಧಿ ಹೋದರು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವು ಆಂಧ್ರಕ್ಕೂ ಹೋಗಿ ಉಳಿದದ್ದು ಮೈಸೂರಿಗೆ ಸೇರಿತು. ಒಂದೇ ಮನೆತನದ ಅಣ್ಣತಮ್ಮಂದಿರು ಮೂರು ರಾಜ್ಯಗಳ ಪ್ರಜೆಗಳಾದರು. ಇದರಿಂದ ನಮ್ಮ ಗಡಿಯೂರುಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಈ ಸಂಗತಿಯನ್ನು ಕಡೆಯಲ್ಲಿ ಮತ್ತೆ ಎತ್ತುವೆನು.

ಈಗ ಪಾರ್ಲಿಮೆಂಟು ಹೇಗೆ ಪರಾಮರ್ಶೆ ಮಾಡುವುದೆಂಬುದನ್ನು ತಿಳಿಯೋಣ. ಲೋಕಸಭೆಯ ದಿನದ ಮೊದಲ ಗಂಟೆಯು ಪ್ರಶ್ನೆಗಳಿಗೆ ಮೀಸಲು. ದಿನಕ್ಕೆ 20 ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ, 230 ಪ್ರಶ್ನೆಗಳಿಗೆ ಬರಹದ ಉತ್ತರ. ಯಾವ ಜಿಲ್ಲೆಗೆ ಎಷ್ಟು ಮನೆಗಳು ಮಂಜೂರಾದವು, ಎಷ್ಟು ಮುಗಿದವು, ಎಷ್ಟು ಹಣ ಉಳಿಯಿತು ಎಂದು ಸದಸ್ಯರು ಕೇಳಬಹುದು. ಮಂತ್ರಿಗಳು ಉತ್ತರ ಕೊಡಲೇಬೇಕು. ಇದಲ್ಲದೆ ಸಮಿತಿಗಳಿವೆ. ಇಂಗ್ಲಂಡಿನ ಕಾಮನ್ಸ್ ಸಭೆಯಲ್ಲಿ 1861ರಲ್ಲಿ ಹುಟ್ಟಿದ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮಾದರಿಯಲ್ಲಿ ನಮ್ಮಲ್ಲಿಯೂ 1921ರಿಂದ ಅಂತಹದೊಂದು ಸಮಿತಿ ನಡೆದುಬಂದಿದೆ. ಅದರಲ್ಲಿ 22 ಜನ ಸದಸ್ಯರು. 1967ರಿಂದ ವಿರೋಧಪಕ್ಷದವರೇ ಅದಕ್ಕೆ ಅಧ್ಯಕ್ಷರಾಗುವ ಸಂಪ್ರದಾಯವಿದೆ. ಮನೆಯ ಯಜಮಾನನ ಲೆಕ್ಕವನ್ನು ಎದುರುಮನೆಯವನಿಂದ ನೋಡಿಸಿದಂತೆ ಇದು, ಒಳ್ಳೆಯ ಪದ್ಧತಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೆ ಪ್ರತ್ಯೇಕವಾಗಿ 31 ಸದಸ್ಯರ ಸ್ಥಾಯೀ ಸಮಿತಿಯುಂಟು. ಮನೆಗೆ ಕೊಡುವ ಸಹಾಯಧನವು ಇಂದಿನ ಇಟ್ಟಿಗೆ ಸಿಮೆಂಟುಗಳ ಬೆಲೆಗೆ ಸಾಲದೆಂದು, ಅದನ್ನು ಏರಿಸಬೇಕೆಂದು ಆ ಸಮಿತಿಯು ವರದಿಗಳಲ್ಲಿ ಹೇಳುತ್ತ ಬಂದಿದೆ.

ಆದರೆ ಈ ಕಣ್ಣಿಗೂ ಒಂದು ಮಿತಿಯಿದೆ. ಸ್ಥಳೀಯ ಆಡಳಿತವು ಸಂವಿಧಾನದಂತೆ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ದಿಲ್ಲಿಯು ಕೊಟ್ಟ ಹಣದ ಲೆಕ್ಕವನ್ನು ದಿಲ್ಲಿಯು ಕೇಳಬಹುದು. ಔರಾದ ತಾಲೂಕಿನ ಒಂದು ಹಳ್ಳಿಯ ಪಟ್ಟಿಯಲ್ಲಿ ಏಳನೆಯ ಹೆಸರು ಹೋಗಿ ಎಪ್ಪತ್ತನೆಯ ಹೆಸರು ಹೇಗೆ ಮೇಲಕ್ಕೆ ಬಂದಿತೆಂಬುದು ಆ ಎತ್ತರಕ್ಕೆ ಕಾಣಿಸದು. ಅಲ್ಲಿಂದ ಕಾಣುವುದು ಜಿಲ್ಲೆಯ ಮೊತ್ತ ಮಾತ್ರ. ಮೊತ್ತವು ಸರಿಯಾಗಿದ್ದು ಒಳಗಿನ ಹಂಚಿಕೆಯು ಕೆಟ್ಟಿರಬಹುದು. ಇದನ್ನರಿತೇ 2016ರಲ್ಲಿ ಜಿಲ್ಲೆಗೊಂದರಂತೆ 'ದಿಶಾ' ಎಂಬ ಸಮಿತಿಯನ್ನು ಏರ್ಪಡಿಸಿ, ಲೋಕಸಭಾ ಸದಸ್ಯರನ್ನೇ ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿ, ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಅಧಿಕಾರಿಗಳನ್ನು ಕೂಡಿಸಿ ಕೇಂದ್ರದ ಯೋಜನೆಗಳ ಪ್ರಗತಿಯನ್ನು ಕೇಳಬೇಕೆಂದು ಕಟ್ಟು ಮಾಡಿದರು. ಬೆಂಗಳೂರಿನ ಶಾಸನಸಭೆಗೂ ಸ್ಥಳೀಯ ಸಂಸ್ಥೆಗಳ ಮತ್ತು ಪಂಚಾಯತ್ ರಾಜ್ ಸಂಸ್ಥೆಗಳ ಸಮಿತಿಯೊಂದಿದೆ. ಇವೆಲ್ಲವೂ ಬೇಕು. ಆದರೆ ಇವೆಲ್ಲವೂ ಮೇಲಿನಿಂದ ಕೆಳಗೆ ಬಗ್ಗಿ ನೋಡುವ ಕಣ್ಣುಗಳೆಂಬುದನ್ನು ಮರೆಯಲಾಗದು.

ಕೆಳಗಿನಿಂದ ಮೇಲಕ್ಕೆ ನೋಡುವ ಕಣ್ಣನ್ನು ಕೊಟ್ಟದ್ದೂ ಪಾರ್ಲಿಮೆಂಟೇ. ಅದು ಸುಲಭವಾಗಿ ಕೊಡಲಿಲ್ಲ. ಪಂಚಾಯತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಮಸೂದೆಯು 1989ರಲ್ಲಿ ಲೋಕಸಭೆಯನ್ನು ದಾಟಿ, ಆ ವರ್ಷದ ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲಿ ಕೆಲವೇ ಮತಗಳ ಕೊರತೆಯಿಂದ ಬಿದ್ದುಹೋಯಿತು. 1991ರಲ್ಲಿ ಬೇರೊಂದು ಮಸೂದೆ ಬಂದಿತು. ಅದನ್ನು ಎರಡೂ ಸಭೆಗಳ ಜಂಟಿ ಸಮಿತಿಗೆ ಒಪ್ಪಿಸಿದರು. ನಾಥೂರಾಮ ಮಿರ್ಧಾ ಎಂಬ ಹಿರಿಯ ಸದಸ್ಯರು ಅಧ್ಯಕ್ಷರು. ಆ ಸಮಿತಿಯು ಒರೆದು ತಿದ್ದಿದ ಮೇಲೆ 1992ರ ಡಿಸೆಂಬರಿನಲ್ಲಿ ಮಸೂದೆಯು ಅಂಗೀಕೃತವಾಗಿ 1993ರ ಏಪ್ರಿಲ್ 24ರಿಂದ 73ನೆಯ ತಿದ್ದುಪಡಿಯೆಂದು ಜಾರಿಗೆ ಬಂದಿತು. ಪಟ್ಟಣಗಳ ಪೌರಸಭೆಗಳಿಗೆ ಸಂಬಂಧಿಸಿದ 74ನೆಯದು ಜೂನ್ 1ರಿಂದ. ಮೊದಲು ಬಿದ್ದ ಕಂಬವು ಅಲ್ಲಾಡಿಸಿ ನೆಟ್ಟ ಮೇಲೆ ನಿಂತಿತೆಂದು ಹೇಳಬಹುದು.

ಕನ್ನಡಿಗರು ಈ ವಿಷಯದಲ್ಲಿ ದೇಶಕ್ಕಿಂತ ಮುಂದಿದ್ದವರು. ಅಬ್ದುಲ್ ನಜೀರಸಾಹೇಬರ ಪ್ರಯತ್ನದಿಂದ 1983ರಲ್ಲಿ ಜಿಲ್ಲಾ ಪರಿಷತ್ತು ಮಂಡಲ ಪಂಚಾಯತಿಗಳ ಕಾನೂನು ಆಗಿ, 1987ರ ಜನವರಿಯಲ್ಲಿಯೇ ಚುನಾವಣೆ ನಡೆದಿತ್ತು. ಅಂತಹ ನಾಡಿನಲ್ಲಿ ಮುಂದೆ ಏನಾಯಿತೆಂಬುದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ.

ಪಂಚಾಯತಿಯ ಅವಧಿಯು ಐದು ವರ್ಷ. ಅವಧಿ ಮುಗಿಯುವುದಕ್ಕೆ ಮುಂಚೆಯೇ ಮುಂದಿನ ಚುನಾವಣೆ ಮುಗಿದಿರಬೇಕು. ಇದು ಸಂವಿಧಾನದ ವಾಕ್ಯ. ವಿಧಿವಾಕ್ಯಕ್ಕೂ ಅರ್ಥವಾದಕ್ಕೂ ಇರುವ ಭೇದವನ್ನು ಪಾಠಶಾಲೆಯ ಹುಡುಗರೂ ಬಲ್ಲರು. 'ಮಾಡತಕ್ಕದ್ದು' ಎಂದಿದ್ದರೆ ಮಾಡಲೇಬೇಕು. ಅದನ್ನು ಹೊಗಳಿಕೆಯ ಮಾತೆಂದು ಅರ್ಥಮಾಡಲಾಗದು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆಯಾಯಿತು. ಆ ಅವಧಿಯು 2021ರ ಬೇಸಿಗೆಯಲ್ಲಿ ಮುಗಿಯಿತು. ಕ್ಷೇತ್ರಗಳನ್ನು ವಿಂಗಡಿಸುವ ಅಧಿಕಾರವನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡುವ ಕಾನೂನು ಅದೇ ವರ್ಷ ಆಯಿತು. ಮೀಸಲಾತಿಯ ತಂಟೆ, ನ್ಯಾಯಾಲಯದ ವ್ಯಾಜ್ಯ, ಒಂದರ ಹಿಂದೆ ಒಂದು ಬಂದವು. ನಾಲ್ಕು ವರ್ಷಗಳು ಮೀರಿದರೂ ಚುನಾವಣೆಯಾಗದೆ, ಚುನಾಯಿತರು ಕೂಡತಕ್ಕ ಆಸನಗಳಲ್ಲಿ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗಿ ಕುಳಿತರು. ಈ ಕಾಲದಲ್ಲಿ ಒಂದೇ ಪಕ್ಷದ ಸರಕಾರವಿರಲಿಲ್ಲ. ಆದುದರಿಂದ ಒಂದು ಪಕ್ಷದ ಮೇಲೆ ಬೆರಳು ತೋರಿಸಿ ಮನೆಗೆ ಹೋಗುವ ಸುಖ ನಮಗಿಲ್ಲ.

ಸಾಂಕ್ರಾಮಿಕ ರೋಗದ ನೆಪವನ್ನು ಕೆಲವರು ಹೇಳುತ್ತಿದ್ದರು. ಆದರೆ ರೋಗವು ಇನ್ನೂ ಇದ್ದ 2020ರ ಡಿಸೆಂಬರಿನಲ್ಲಿಯೇ ಹೈಕೋರ್ಟಿನ ಆಜ್ಞೆಯ ತರುವಾಯ ಗ್ರಾಮಪಂಚಾಯತಿಗಳ ಚುನಾವಣೆ ನಡೆಯಿತಷ್ಟೆ. ಬಾಯಿಗೆ ವಸ್ತ್ರ ಕಟ್ಟಿಕೊಂಡು ಮುದುಕರೂ ಸಾಲಿನಲ್ಲಿ ನಿಂತರು. ಅಂದು ಸಾಧ್ಯವಾದದ್ದು ರೋಗ ಹೋದ ಮೇಲೆ ಅಸಾಧ್ಯವಾದದ್ದು ವಿಚಿತ್ರ. ಪಟ್ಟಣಗಳಲ್ಲಿಯೂ ಇಂತಹುದೇ ಒಂದು ವಿಚಿತ್ರ ನಡೆದಿತ್ತು. 2018ರ ಆಗಸ್ಟಿನಲ್ಲಿ ರಾಜ್ಯದ ಅನೇಕ ಪೌರಸಭೆಗಳಿಗೆ ಸದಸ್ಯರು ಚುನಾಯಿತರಾದರೂ, ಅಧ್ಯಕ್ಷರ ಮೀಸಲಾತಿಯ ವ್ಯಾಜ್ಯದಿಂದ 2020ರ ಕಡೆಯ ತಿಂಗಳುಗಳವರೆಗೆ ಅಧ್ಯಕ್ಷರಿಲ್ಲ. ಮದುವೆಯಾಗಿಯೂ ಮನೆ ತುಂಬಿಸಿಕೊಳ್ಳದ ಹಾಗೆ. ಬೀದರ ನಗರಸಭೆಯನ್ನು ಮಹಾನಗರಪಾಲಿಕೆಯಾಗಿ ಮಾಡಬೇಕೆಂದು 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನೆರೆದ ಮಂತ್ರಿಮಂಡಲವು ನಿರ್ಣಯಿಸಿತು. ಸಂತೋಷ. ಹೆಸರು ದೊಡ್ಡದಾದಷ್ಟೂ ಕೇಳುವ ಬಾಯಿಯೂ ದೊಡ್ಡದಾಗಬೇಕು. ಫಲಕ ಬದಲಾಗಿ ಚುನಾವಣೆಯು ತಡವಾದರೆ ಅದು ಏರಿಕೆಯಲ್ಲ.

ತಾಲೂಕು ಜಿಲ್ಲಾ ಪಂಚಾಯತಿಗಳು ಬರಿದಾದರೆ ಬಡವನಿಗೇನು ನಷ್ಟ, ಆ ಸದಸ್ಯರು ಇದ್ದಾಗಲೇನು ಮಹಾ ಮಾಡಿದರು ಎಂದು ಕೇಳುವವರಿದ್ದಾರೆ. ದೇಹಲೀದೀಪವೆಂಬ ನ್ಯಾಯವಿದೆ, ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಬೆಳಗುವುದು, ಹೊರಗೂ ಬೆಳಗುವುದು. ತಾಲೂಕು ಪಂಚಾಯತಿಯ ಸದಸ್ಯನು ಹತ್ತು ಹಳ್ಳಿ ತಿರುಗುವವನು. ಕಚೇರಿಯಲ್ಲಿ ಅಧಿಕಾರಿಯ ಎದುರಿಗೆ ಕುಳಿತು ಕಡತ ತರಿಸುವ ಅಧಿಕಾರವುಳ್ಳವನು. ಹಳ್ಳಿಯ ಸುದ್ದಿಯನ್ನು ಕಚೇರಿಗೂ ಕಚೇರಿಯ ಸುದ್ದಿಯನ್ನು ಹಳ್ಳಿಗೂ ಮುಟ್ಟಿಸತಕ್ಕವನು. ಆ ಹೊಸ್ತಿಲ ದೀಪವು ಆರಿದರೆ ಒಳಗಿನವನಿಗೆ ಹೊರಗೆ ಕಾಣದು, ಹೊರಗಿನವನಿಗೆ ಒಳಗೆ ಕಾಣದು. ಅಧಿಕಾರಿಗಳಲ್ಲಿ ಒಳ್ಳೆಯವರಿಲ್ಲವೆಂದು ನಾನು ಹೇಳುತ್ತಿಲ್ಲ. ಬಹಳ ಜನ ಒಳ್ಳೆಯವರೇ. ಆದರೆ ಅವರು ತಮ್ಮ ಮೇಲಿನವರಿಗೆ ಉತ್ತರ ಕೊಡತಕ್ಕವರು, ಐದು ವರ್ಷಕ್ಕೊಮ್ಮೆ ನಿಮ್ಮ ಬಾಗಿಲಿಗೆ ಬಂದು ಕೈಮುಗಿಯತಕ್ಕವರಲ್ಲ.

ಇನ್ನು ಮನೆಗಳ ವಿಷಯ. ಇದಕ್ಕಾಗಿಯೇ ಇಷ್ಟು ದೂರ ಬಂದದ್ದು.

ಹಳ್ಳಿಯ ಬಡವರಿಗೆ ಮನೆ ಕಟ್ಟಿಸುವ ಕೇಂದ್ರದ ಯೋಜನೆಯು 1985ರ ಸುಮಾರಿಗೆ ಇಂದಿರಾ ಆವಾಸ ಯೋಜನೆಯೆಂದು ಆರಂಭವಾಗಿ, 2016ರಿಂದ ಪ್ರಧಾನಮಂತ್ರಿ ಆವಾಸ ಯೋಜನೆಯೆಂದು ನಡೆದುಬಂದಿದೆ. ಬಯಲುಸೀಮೆಯ ಮನೆಯೊಂದಕ್ಕೆ ಅದು ಗೊತ್ತುಮಾಡಿದ ಸಹಾಯವು 1,20,000 ರೂಪಾಯಿ. ನೂರಕ್ಕೆ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಮನೆಯ ವಿಸ್ತೀರ್ಣವು 25 ಚದರ ಮೀಟರಿಗೆ, ಎಂದರೆ ಸುಮಾರು 270 ಚದರಡಿಗೆ, ಕಡಿಮೆಯಿರಕೂಡದು. ಮಂಜೂರಾತಿಯು ಬಹುಮಟ್ಟಿಗೆ ಹೆಂಗಸಿನ ಹೆಸರಿಗೆ ಇಲ್ಲವೆ ಗಂಡಹೆಂಡಿರಿಬ್ಬರ ಹೆಸರಿಗೆ ಆಗತಕ್ಕದ್ದು. ಇದು ಈ ಯೋಜನೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಅಂಶ. ಕರ್ನಾಟಕವು ತನ್ನದೇ ಆಶ್ರಯ ಯೋಜನೆಯನ್ನೂ, ಮುಂದೆ ಅಣ್ಣನವರ ಹೆಸರಿನ ಬಸವ ವಸತಿ ಯೋಜನೆಯನ್ನೂ ನಡೆಸಿತು; 2000ನೆಯ ಇಸವಿಯಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಗ್ರಾಮೀಣ ವಸತಿ ನಿಗಮವು ಈ ಕೆಲಸವನ್ನು ನೋಡಿಕೊಳ್ಳುತ್ತದೆ. ಹಣವು ಒಮ್ಮೆಲೇ ಬರುವುದಿಲ್ಲ. ತಳಪಾಯವಾದ ಮೇಲೆ ಒಂದು ಕಂತು, ಗೋಡೆ ಎದ್ದ ಮೇಲೆ ಒಂದು, ಛಾವಣಿಯಾದ ಮೇಲೆ ಒಂದು, ಮುಗಿದ ಮೇಲೆ ಕಡೆಯದು. ಪ್ರತಿ ಹಂತದಲ್ಲಿಯೂ ನಿವೇಶನದ ಸ್ಥಾನವನ್ನು ಗುರುತಿಸುವ ಯಂತ್ರದಿಂದ ಛಾಯಾಚಿತ್ರ ತೆಗೆದು ಕಳುಹಿಸಬೇಕು. ಕಟ್ಟದ ಮನೆಗೆ ಹಣ ಹೋಗಬಾರದೆಂಬ ಉದ್ದೇಶವು ಸರಿಯಾದದ್ದೇ.

ಆದರೆ ಈ ಛಾಯಾಚಿತ್ರವು ನೋಡುವುದು ಗೋಡೆಯನ್ನು. ಗೋಡೆಯ ಒಡೆಯನು ಯಾರಾಗಬೇಕಾಗಿತ್ತೆಂಬುದನ್ನಲ್ಲ. ಭಾಲ್ಕಿಯ ಸೀಮೆಯಲ್ಲಿ ಕೆಲವು ವರ್ಷಗಳ ಹಿಂದೆ ಮನೆಗಳ ಹಂಚಿಕೆಯ ವಿಷಯವಾಗಿ ಎದ್ದ ವಾದವನ್ನು ನೀವೆಲ್ಲರೂ ಬಲ್ಲಿರಿ. ದೂರು ಪ್ರತಿದೂರುಗಳು ರಾಜಧಾನಿಯವರೆಗೂ ಹೋದವು. ಅದರಲ್ಲಿ ಯಾರು ಸರಿ, ಯಾರು ತಪ್ಪು ಎಂದು ತೀರ್ಪು ಹೇಳುವುದು ಮಠದ ಕೆಲಸವಲ್ಲ; ಎರಡು ಪಕ್ಷದವರೂ ಇಲ್ಲಿ ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂಡುವವರು. ನಾನು ಹೇಳುವುದು ಬೇರೆ ಮಾತು. ದೂರು ಬಂದರೆ ವಿಚಾರಣೆಯಾಗಬೇಕು. ವಿಚಾರಣೆಯಾಗುವವರೆಗೆ ಕಂತು ನಿಲ್ಲುವುದು. ಕಂತು ನಿಂತಾಗ ಅನರ್ಹನ ಕಂತೂ ನಿಲ್ಲುವುದು, ಅರ್ಹನ ಕಂತೂ ನಿಲ್ಲುವುದು. ಅನರ್ಹನಿಗೆ ಬೇರೊಂದು ಮನೆಯಿದೆ, ಅವನು ಕಾಯಬಲ್ಲನು. ಅರ್ಹನು ಇದ್ದ ಗುಡಿಸಲನ್ನು ಕೆಡವಿ ಅದೇ ನಿವೇಶನದಲ್ಲಿ ತಳಪಾಯ ಹಾಕಿದವನು. ಗೋಡೆ ಎದೆಮಟ್ಟಕ್ಕೆ ಬಂದು ನಿಂತರೆ ಅವನು ಎಲ್ಲಿಗೆ ಹೋಗಬೇಕು? ಮೃಗಶಿರೆಯ ಮಳೆಯು ವಿಚಾರಣೆಯ ವರದಿಗಾಗಿ ಕಾಯುವುದಿಲ್ಲ. ಸಾಹುಕಾರನ ಬಡ್ಡಿಯೂ ಕಾಯುವುದಿಲ್ಲ. ಹೀಗೆ ಹಿಂದಿನಿಂದ ಬಂದ ಪರಾಮರ್ಶೆಯು, ತಾನು ರಕ್ಷಿಸಬೇಕಾದವನನ್ನೇ ಮೊದಲು ನೋಯಿಸುತ್ತದೆ. ಆರಂಭದಲ್ಲಿ ತರ್ಕದ ಕ್ರಮವನ್ನು ಹೇಳಿದೆನಲ್ಲ, ಅದು ಇದಕ್ಕಾಗಿ. ನಿರ್ಣಯಕ್ಕೆ ಮುಂಚೆ ಊರಿನ ಎದುರಿನಲ್ಲಿ ಪಟ್ಟಿಯನ್ನು ಓದಿ ಅರ್ಹರನ್ನೂ ಅನರ್ಹರನ್ನೂ ಬೇರೆ ಮಾಡಿದ್ದರೆ, ಅದಕ್ಕೆ ತಗಲುವ ಖರ್ಚು ಒಂದು ದಿನದ ಕೂಲಿ. ಮನೆ ಅರ್ಧವಾದ ಮೇಲೆ ಮಾಡಿದರೆ ಒಂದು ಸಂಸಾರದ ಎರಡು ಮಳೆಗಾಲ.

ಔರಾದ ಕಡೆಯ ಒಬ್ಬ ತಾಯಿಯ ಸಂಗತಿಯನ್ನು ಹೇಳುತ್ತೇನೆ. ಊರು ಹೆಸರು ಬೇಡ. ವಿಧವೆ, ಗಂಡುಮಕ್ಕಳಿಲ್ಲ, ಕೂಲಿ ಮಾಡುವಳು. ಒಂದು ವರ್ಷದ ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ ಅವಳ ಹೆಸರು ಮೂರನೆಯದೆಂದು ಕೇಳಿದವರಿದ್ದರು. ಮರುವರ್ಷದ ಪಟ್ಟಿಯಲ್ಲಿ ಹೆಸರೇ ಇಲ್ಲ. ಕಾರಣವನ್ನು ವಿಚಾರಿಸಲಾಗಿ ನಿವೇಶನದ ಕಾಗದವಿಲ್ಲವೆಂದರು. ಕಾಗದವಿದ್ದಿತು, ಅದು ಅವಳ ಮಾವನ ಹೆಸರಿನಲ್ಲಿ, ನಿಜಾಮರ ಕಾಲದ ಉರ್ದು ಬರಹದಲ್ಲಿ ಇದ್ದಿತು. ನಮ್ಮ ಸೀಮೆಯ ಹಳೆಯ ಕಾಗದಗಳೆಲ್ಲ ಹಾಗೆಯೇ. ಅವನ್ನು ಓದಬಲ್ಲ ಮುನ್ಷಿಗಳು ಊರಿಗೊಬ್ಬರೂ ಉಳಿದಿಲ್ಲ. ಬೀದರಿನ ಒಬ್ಬ ಮೌಲ್ವಿಗಳಿಂದ ಅದನ್ನು ಓದಿಸಿ ಕನ್ನಡದಲ್ಲಿ ಬರೆದು ಕೊಟ್ಟೆನು. ಅರ್ಜಿ ಹೋಯಿತು. ಮುಂದಿನ ಪಟ್ಟಿಯು ಬರುವವರೆಗೆ ಕಾಯಬೇಕೆಂದು ಹೇಳಿದರು. ಆ ತಾಯಿಯು ತಮ್ಮನ ದನದ ಕೊಟ್ಟಿಗೆಯ ಒಂದು ಮಗ್ಗುಲಲ್ಲಿ ಕಾಯುತ್ತ ಕಾಯುತ್ತ ಲಿಂಗೈಕ್ಯಳಾದಳು. ಈಗ ಆಲೋಚಿಸಿರಿ: ಹೆಸರು ಹೋದ ದಿನದ ಸಭೆಯಲ್ಲಿ, ಕಳೆದ ವರ್ಷ ಮೂರನೆಯದಾಗಿದ್ದ ಹೆಸರೆಲ್ಲಿ ಎಂದು ಎದ್ದು ಕೇಳುವವನು ಒಬ್ಬನಿದ್ದರೆ ಸಾಕಾಗಿತ್ತು. ಅದಕ್ಕೆ ಲೋಕಸಭೆಯ ಸದಸ್ಯನೇ ಬೇಕಾಗಿರಲಿಲ್ಲ. ನೆರೆಮನೆಯವನು ಬೇಕಾಗಿತ್ತು.

ಗ್ರಾಮಸಭೆಯೆಂದರೆ ಪಂಚಾಯತಿಯ ಸದಸ್ಯರ ಸಭೆಯೆಂದು ಬಹಳ ಜನರು ತಿಳಿದಿದ್ದಾರೆ. ಹಾಗಲ್ಲ. ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರೂ ಅದರ ಸದಸ್ಯರು. ಪಂಚಾಯತಿಯ ಸದಸ್ಯರು ಐದು ವರ್ಷಕ್ಕೆ ಬಂದುಹೋಗುವವರು; ನೀವು ಬದುಕಿರುವವರೆಗೆ ಸದಸ್ಯರು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನಂತೆ ಆರು ತಿಂಗಳಿಗೆ ಒಮ್ಮೆಯಾದರೂ ಅದು ಕೂಡಲೇಬೇಕು. ನೂರಕ್ಕೆ ಹತ್ತು ಜನ ಇಲ್ಲವೆ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ನೆರೆಯಬೇಕು. ಮನೆಯ ಫಲಾನುಭವಿಗಳ ಪಟ್ಟಿಯು ಆ ಸಭೆಯ ಮುಂದೆ ಬರತಕ್ಕದ್ದು. ಆದರೆ ನಡೆಯುವುದೇನು? ಜನ ನೆರೆಯುವುದಿಲ್ಲ. ಪುಸ್ತಕವು ಮನೆಮನೆಗೆ ತಿರುಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವ ಊರುಗಳೂ ಇವೆಯೆಂದು ಕೇಳಿದ್ದೇನೆ. ಪುರಾಣ ಪ್ರವಚನಕ್ಕೆ ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಕೂಡುವ ಊರು, ವರ್ಷಕ್ಕೆ ಎರಡು ದಿನ ಪಂಚಾಯತಿಯ ಕಟ್ಟೆಗೆ ಬಾರದು. ಕಲ್ಯಾಣದ ಅನುಭವ ಮಂಟಪವು ನಮ್ಮ ಜಿಲ್ಲೆಯದೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿ ಅಂಬಿಗನೂ ಮಡಿವಾಳನೂ ಎದ್ದು ಪ್ರಭುದೇವರೆದುರಿಗೆ ಪ್ರಶ್ನೆ ಮಾಡುತ್ತಿದ್ದರೆಂದು ಪಾಠ ಹೇಳುವವನು ನಾನೇ. ಅವರ ವಂಶದವರೆನ್ನಿಸಿಕೊಳ್ಳುವವರು ಪಂಚಾಯತಿಯ ಕಾರ್ಯದರ್ಶಿಯ ಎದುರಿಗೆ ಪ್ರಶ್ನೆ ಮಾಡಲು ಹೆದರುವರು.

ಹೆದರಿಕೆಗೂ ಕಾರಣವಿದೆಯೆಂಬುದನ್ನು ಬಲ್ಲೆ. ಇಂದು ಕೇಳಿದವನ ಹೆಸರು ನಾಳೆಯ ಪಟ್ಟಿಯಿಂದ ಹೋದೀತು. ಆದುದರಿಂದಲೇ ಮನೆ ಬೇಕಾದವನು ತಾನೇ ಎದ್ದು ಕೇಳಬಾರದು. ಮನೆ ಬೇಡದವನು, ಮಾಳಿಗೆಯಿದ್ದವನು, ಹೊಟ್ಟೆ ತುಂಬಿದವನು, ಅವನ ಪರವಾಗಿ ಕೇಳಬೇಕು. ಮಠದ ಭಕ್ತರಲ್ಲಿ ಅಂತಹವರು ಬಹಳ ಜನರಿದ್ದಾರೆ. ಹೊಲಮನೆಗಳುಳ್ಳವರು, ಶಿಕ್ಷಕರಾಗಿ ನಿವೃತ್ತರಾದವರು, ಅಂಗಡಿಕಾರರು. ದಾಸೋಹಕ್ಕೆ ಚೀಲ ಜೋಳ ಕಳುಹಿಸುವಿರಿ, ಅದು ದೊಡ್ಡದು. ಆರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನವನ್ನು ಊರಸಭೆಗೆ ಕೊಡಿರೆಂದು ಅವರಲ್ಲಿ ನನ್ನ ವಿಜ್ಞಾಪನೆ. ಸಭೆಯಲ್ಲಿ ಉತ್ತರ ಸಿಕ್ಕದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ ಬರೆದು ಕೇಳಬಹುದು. 30 ದಿನಗಳಲ್ಲಿ ಉತ್ತರ ಬರತಕ್ಕದ್ದು. ಆ ಉತ್ತರವನ್ನೂ ನಡಾವಳಿಯ ಪ್ರತಿಯನ್ನೂ ಹಿಡಿದುಕೊಂಡು ಹೋದರೆ ಶಾಸಕರಿಗಾಗಲಿ ಲೋಕಸಭಾ ಸದಸ್ಯರಿಗಾಗಲಿ ಪ್ರಶ್ನೆಯನ್ನು ಮುಂದೆ ಒಯ್ಯಲು ಆಧಾರ ದೊರೆಯುವುದು. ಬರಿಯ ಗೋಳಿನ ಮೇಲೆ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ನಿಲ್ಲದು. ಕಾಗದದ ಮೇಲೆ ನಿಲ್ಲುವುದು.

ಕಡೆಯದಾಗಿ ನಾಲ್ಕು ಭಾಷೆಗಳ ಮಾತು. ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸುವರು. ರಾಜ್ಯದ ಭಾಷೆಯಲ್ಲಿ ಇರತಕ್ಕದ್ದೇ. ಇದೇ ನೆಲದಲ್ಲಿ ಹೊರಗೆ ಉರ್ದು ಫಲಕ ಕಟ್ಟಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಪಟ್ಟದ್ದೇವರ ಶ್ರಮವನ್ನು ಬಲ್ಲ ನಾವು ಬೇರೆ ಮಾತನಾಡಲಾರೆವು. ಆದರೆ ಔರಾದ ಕಮಲನಗರಗಳ ಗಡಿಯಲ್ಲಿ ಮರಾಠಿಯನ್ನೇ ಓದಬಲ್ಲವರೂ, ಬೀದರಿನ ಕೋಟೆಯೊಳಗಣ ಗಲ್ಲಿಗಳಲ್ಲಿ ಉರ್ದುವನ್ನೇ ಓದಬಲ್ಲವರೂ, ಎಲ್ಲ ಕಡೆಯೂ ಏನನ್ನೂ ಓದಲಾರದವರೂ ಇದ್ದಾರೆ. ಗೋಡೆಯ ಮೇಲಿನ ಕಾಗದವು ಅವರಿಗೆ ಗೋಡೆಯಷ್ಟೇ ಮೂಕ. ಪಾಠಶಾಲೆಯ ವಿದ್ಯಾರ್ಥಿಗಳು ಹದಿನೈದು ಇಪ್ಪತ್ತು ಊರುಗಳಿಂದ ಬಂದಿದ್ದೀರಿ. ರಜೆಗೆ ನಿಮ್ಮ ನಿಮ್ಮ ಊರಿಗೆ ಹೋಗುತ್ತೀರಿ. ಗ್ರಾಮಸಭೆಯ ದಿನವನ್ನು ಡಂಗುರದಿಂದ ಸಾರುವಾಗ ತಿಳಿದುಕೊಂಡು, ಪಟ್ಟಿಯ ಒಂದೊಂದು ಹೆಸರನ್ನೂ ತಂದೆಯ ಹೆಸರು ಓಣಿಯ ಹೆಸರು ಸಹಿತವಾಗಿ, ಕಳೆದ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿರಿ. ಕನ್ನಡದಲ್ಲಿ ಓದಿ, ಕೇಳುವವರಿದ್ದರೆ ಮರಾಠಿಯಲ್ಲಿಯೂ ಉರ್ದುವಿನಲ್ಲಿಯೂ ತೆಲುಗಿನಲ್ಲಿಯೂ ಹೇಳಿಸಿರಿ. ಹೆಸರು ಬಿಟ್ಟುಹೋದವರಿದ್ದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಅಂದೇ ಬರೆಯಿಸಿರಿ, ಮರುದಿನಕ್ಕೆ ಬಿಡಬೇಡಿರಿ. ಉರ್ದು ಕಾಗದಗಳನ್ನು ಓದಿಸಬೇಕಾದವರು ಮಠಕ್ಕೆ ತರಲಿ. ಬೀದರಿನ ಆ ಮೌಲ್ವಿಗಳು ಬರಲು ಒಪ್ಪಿದ್ದಾರೆ.